ಕೋಳಿಗೂಡಿನ ಭಾನುವಾರಗಳು

ಸಾನ್ ಸಿಪ್ರಿಯಾನೋ
ಆಗಸ್ಟ್ 3, 1997

ರೋಸೆಂಡೋ,

ಹೊಸ ವರ್ಷದ ಕಾರ್ಡು ಬಿಟ್ಟರೆ ನಮ್ಮಿಬ್ಬರ ನಡುವೆ ಕಾಗದವೇ ಇಲ್ಲ. ಆಗಸ್ಟಿನಲ್ಲಿ ಅಕ್ಕನ ಕೈಬರಹ ಕಂಡು ಯಾರೋ ಸತ್ತರೆಂದು ಗಾಬರಿಯಾಗಬೇಡ. ಎಲ್ಲರೂ ಗುಂಡುಕಲ್ಲಿನ ಹಾಗಿದ್ದೇವೆ.

ಫೋನು ಮಾಡಬಹುದಿತ್ತು ನಿಜ. ಆದರೆ ನಮ್ಮ ಬೀದಿಗೆ ಫೋನಿರುವುದು ನಿಕಾನೋರನ ಬೇಕರಿಯಲ್ಲಿ. ಬ್ರೆಡ್ಡಿಗೆ ನಿಂತವರೆಲ್ಲ ಕಿವಿ ನಿಮಿರಿಸಿಕೊಂಡು ಕೇಳುತ್ತಾರೆ. ನಿನ್ನ ಜೊತೆ ಆಡುತ್ತಿದ್ದ ಆ ಗೋಲ್‌ಕೀಪರ್ ನಿಕಾನೋರನನ್ನು ನೀನೀಗ ನೋಡಬೇಕು. ಹೊಟ್ಟೆ ಗೋಲಿನ ಅರ್ಧದಷ್ಟಿದೆ.

ಸುದ್ದಿ ಇಷ್ಟು. ನಮ್ಮ ಬಾರಂಕಾ ಫುಟ್‌ಬಾಲ್ ಕ್ಲಬ್ಬಿಗೆ ಈ ನವೆಂಬರಿಗೆ ಎಪ್ಪತ್ತೈದು ವರ್ಷ ತುಂಬುತ್ತದೆ. ನದಿಯ ಕಡೆಗೆ ಸಿಮೆಂಟಿನ ಹೊಸ ಗ್ಯಾಲರಿ ಕಟ್ಟಿದ್ದಾರೆ. ಅದಕ್ಕೆ ನಿನ್ನ ಹೆಸರಿಡುತ್ತಾರಂತೆ. ಹದಿನಾರನೇ ತಾರೀಕು ಭಾನುವಾರ ನಿನ್ನ ಗೌರವಕ್ಕೆಂದೇ ಒಂದು ಬೀಳ್ಕೊಡುಗೆ ಪಂದ್ಯ, ಹಳಬರೆಲ್ಲ ಸೇರಿ ಆಡುತ್ತಾರೆ. ಔಷಧಿ ಅಂಗಡಿಯ ದೋನ್ ಅನ್ಸೆಲ್ಮೋ ಈಗ ಅಧ್ಯಕ್ಷರು. ಮನೆಗೇ ಬಂದು ಹೇಳಿದರು: "ಡೆಲ್ಮಿರಾ, ರಾಜಧಾನಿಯೋರು ನಮ್ಮ ಹುಡುಗನ್ನ ಹಿಂಡಿ ಹಿಪ್ಪೆ ಮಾಡಿದ್ರು, ಹೋಗೋವಾಗ ಒಂದು ಚಪ್ಪಾಳೆ ಕೂಡ ತಟ್ಲಿಲ್ಲ. ನಾವು ತಟ್ಟೋಣ. ಕೊಕ್ಕರೆ ಬರ್ಲೇಬೇಕು ನೋಡು!" ಊರಿಗೆ ನೀನಿನ್ನೂ ಕೊಕ್ಕರೆಯೇ. ಆ ಉದ್ದ ಕಾಲುಗಳನ್ನು ಯಾರೂ ಮರೆತಿಲ್ಲ.

ನಿನ್ನ ಕೋಣೆ ಹಾಗೇ ಇದೆ. ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತೇನೆ. ಬಾ.

ಡೆಲ್ಮಿರಾ

*

ಟ್ರೆಲೆವ್
ಆಗಸ್ಟ್ 19, 1997

ಅಕ್ಕಾ,

ಕಾಗದ ತಲುಪಿತು. ದೋನ್ ಅನ್ಸೆಲ್ಮೋ ಅವರಿಗೆ ನನ್ನ ವಂದನೆ ಹೇಳು. ಬರಲಾಗುವುದಿಲ್ಲ ಎಂದೂ ಹೇಳು.

ಇಲ್ಲಿ ಉಣ್ಣೆ ಗೋದಾಮಿನಲ್ಲಿ ಕೆಲಸ. ನವೆಂಬರೆಂದರೆ ಕುರಿಗಳ ಉಣ್ಣೆ ಕತ್ತರಿಸುವ ಕಾಲ, ಲಾರಿ ಮೇಲೆ ಲಾರಿ ಬರುತ್ತವೆ. ಆಟ ಬಿಟ್ಟು ಎರಡು ವರ್ಷವಾಯಿತು, ಚೆಂಡು ಮುಟ್ಟಿಲ್ಲ. ಗೋದಾಮಿನ ಹಮಾಲರು ಒಂದು ತಂಡ ಕಟ್ಟಿಕೊಂಡು, ಕಲಿಸಿಕೊಡಿ ಎಂದು ಹಿಂದೆ ಬಿದ್ದಿದ್ದಾರೆ. ಅವರಿಗೂ ಆಗುವುದಿಲ್ಲ ಎಂದೇ ಹೇಳಿದ್ದೇನೆ. ಚಳಿಗೆ ಮೊಣಕಾಲು ಹಿಡಿದುಕೊಳ್ಳುತ್ತದೆ. ಮೂವತ್ತೇಳು ವರ್ಷದ ಕುಂಟನನ್ನು ಓಡಿಸಿ ನೋಡುವುದರಲ್ಲಿ ಯಾರಿಗೆ ಏನು ಸುಖ?

ಒಂದು ಮಾತು ಕೇಳುತ್ತೇನೆ. ಬಾ ಬಾ ಎಂದು ಬರೆದಿದ್ದೀಯ. ಅವತ್ತು ಮೈದಾನಕ್ಕೆ ನೀನು ಬರುತ್ತೀಯಾ?

ರೋಸೆಂಡೋ

*

ಸಾನ್ ಸಿಪ್ರಿಯಾನೋ
ಆಗಸ್ಟ್ 31, 1997

ರೋಸೆಂಡೋ,

ಮೊಣಕಾಲಿಗೆ ಕುರಿಕೊಬ್ಬು ಬಿಸಿ ಮಾಡಿ ತಿಕ್ಕು. ಕುರಿಗಳ ನಾಡಿನಲ್ಲೇ ಇದ್ದೀಯಲ್ಲ, ಅದಕ್ಕೇನು ಬರ? ಉಣ್ಣೆಯ ಪಟ್ಟಿಯೊಂದನ್ನು ಹೆಣೆದು ಈ ಕಾಗದದ ಜೊತೆಗೇ ಕಳಿಸಿದ್ದೇನೆ. ಬಣ್ಣ ಹಸಿರು-ಬಿಳಿ, ಕ್ಲಬ್ಬಿನದೇ. ಪ್ಯಾಂಟಿನೊಳಗೆ ಯಾರಿಗೆ ಕಾಣುತ್ತದೆ, ಹಾಕಿಕೊ.

ಈ ಸಲ ನದಿ ಉಕ್ಕಲಿಲ್ಲ. ಶಾಲೆ ಮಕ್ಕಳ ಬಿಳಿ ಅಂಗಿಗಳ ಹೊಲಿಗೆ ಮುಗಿಯಿತು. ಹೊಸದಾಗಿ ನಾಲ್ಕು ಕೋಳಿ ತಂದೆ, ಅದರಲ್ಲೊಂದು ಕೆಂಪು ಹುಂಜ, ಪೊಲೀಸಿನವನ ಹಾಗೆ ಬೀದಿಯನ್ನೆಲ್ಲ ಬೆದರಿಸುತ್ತದೆ. ನಿಕಾನೋರ ದಿನಾ ಕೇಳುತ್ತಾನೆ, "ಡೆಲ್ಮಿರಕ್ಕ, ಕೊಕ್ಕರೆ ಏನಂದ?" "ಯೋಚ್ನೆ ಮಾಡ್ತಿದಾನಪ್ಪ" ಎನ್ನುತ್ತೇನೆ. ನೀನು ಬರುವುದಿಲ್ಲ ಎಂದಿದ್ದನ್ನು ಯಾರಿಗೂ ಹೇಳಿಲ್ಲ.

ನೀನು ಬಂದರೆ ಮಾಂಸದ ಹೂರಣ ತುಂಬಿ ಎಂಪನಾಡಾ ಕರಿಯುತ್ತೇನೆ. ಒಣದ್ರಾಕ್ಷಿ ಹಾಕುವುದಿಲ್ಲ, ನಿನಗೆ ಸೇರುವುದಿಲ್ಲ ಎಂದು ನೆನಪಿದೆ. ಆಟ ಮುಗಿಸಿ ನೀನು ಮನೆಗೆ ಬರುವ ಹೊತ್ತಿಗೆ ಬಿಸಿಬಿಸಿ ಇರುತ್ತದೆ.

ಡೆಲ್ಮಿರಾ

*

ಟ್ರೆಲೆವ್
ಸೆಪ್ಟೆಂಬರ್ 14, 1997

ಅಕ್ಕಾ,

ಹುಂಜದ ಬಗ್ಗೆ ಬರೆದೆ, ನದಿಯ ಬಗ್ಗೆ ಬರೆದೆ, ಒಣದ್ರಾಕ್ಷಿಯನ್ನೂ ಬಿಡಲಿಲ್ಲ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರವಿಲ್ಲ. ನಾನು ಆಟ ಮುಗಿಸಿ ಬರುವ ಹೊತ್ತಿಗೆ ನೀನು ಮನೆಯಲ್ಲಿ ಕರಿಯುತ್ತಿರುತ್ತೀಯ ಎಂದರೆ ಮೈದಾನದಲ್ಲಿ ಇರುವುದಿಲ್ಲ ಎಂದಾಯಿತು. ನಾನು ದಡ್ಡನಲ್ಲ.

ಇಷ್ಟು ವರ್ಷ ಬಾಯಿಬಿಡದೆ ಇದ್ದೆ. ಈಗ ಹೇಳಿಬಿಡುತ್ತೇನೆ. ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವಳು ನೀನು. ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂತು ನನಗೆ ಬೂಟು ಕೊಡಿಸಿದವಳು ನೀನು. ಹದಿನೆಂಟಕ್ಕೆ ರಾಜಧಾನಿಯ ಕ್ಲಬ್ಬಿನವರು ಕರೆದುಕೊಂಡು ಹೋದಾಗ ರೈಲು ನಿಲ್ದಾಣಕ್ಕೆ ಬಂದು ಒಂದೂ ಮಾತಾಡದೆ ನಿಂತಿದ್ದೆ. ನಾನು ಊರು ಬಿಟ್ಟಿದ್ದಕ್ಕೆ ನಿನಗೆ ಸಿಟ್ಟು ಎಂದುಕೊಂಡೆ. ಆಯಿತು, ಸಿಟ್ಟು ಇಳಿಯುತ್ತದೆ ಎಂದು ಪ್ರತಿ ದೊಡ್ಡ ಪಂದ್ಯಕ್ಕೂ ನಿನಗೆ ಟಿಕೆಟು ಕಳಿಸಿದೆ. ಒಂದಕ್ಕೂ ನೀನು ಬರಲಿಲ್ಲ. ಉಳಿದವರ ಮನೆಯವರೆಲ್ಲ ಗ್ಯಾಲರಿಯಲ್ಲಿ ಕೂತು ಕೂಗುತ್ತಿದ್ದರು. ಗೋಲು ಹೊಡೆದು ನಾನು ಓಡುತ್ತಿದ್ದುದು ಮಾತ್ರ ಒಂದು ಖಾಲಿ ಕುರ್ಚಿಯ ಕಡೆಗೆ.

1987ರ ಫೈನಲ್‌ಗೂ ಟಿಕೆಟು ಕಳಿಸಿದ್ದೆ. ನನ್ನನ್ನು ನೋಡಲೆಂದೇ ಸ್ಪೇನಿನ ಕ್ಲಬ್ಬೊಂದರಿಂದ ಜನ ಬಂದಿದ್ದರು. ಆಟ ಶುರುವಾಗುವ ಮುನ್ನ ತಲೆಯೆತ್ತಿ ನೋಡಿದೆ. ಅದೇ ಖಾಲಿ ಕುರ್ಚಿ. ಅವತ್ತೇ ಮೊಣಕಾಲು ಹೋಯಿತು. ಆಸ್ಪತ್ರೆಯಲ್ಲಿ ಮಲಗಿ ಬಾಗಿಲು ನೋಡುತ್ತಿದ್ದೆ. ನಿಕಾನೋರ ಬಂದ, ಅನ್ಸೆಲ್ಮೋ ಬಂದರು, ಪಾದ್ರಿ ಕೂಡ ಬಂದರು. ನೀನು ಬರಲಿಲ್ಲ. ಸ್ಪೇನು ಕೈತಪ್ಪಿದ್ದಕ್ಕಿಂತ ನನಗೆ ಅದೇ ಹೆಚ್ಚು ನೋವಾಯಿತು.

ಆದ್ದರಿಂದ ಕೊನೆಯ ಮಾತು. ನೀನು ಗ್ಯಾಲರಿಯಲ್ಲಿ ಕೂತರೆ ನಾನು ಬರುತ್ತೇನೆ. ಇಲ್ಲವಾದರೆ ಅದಕ್ಕೆ ಆ ಹುಂಜದ ಹೆಸರಿಟ್ಟುಕೊಳ್ಳಿ.

ರೋಸೆಂಡೋ

*

ಸಾನ್ ಸಿಪ್ರಿಯಾನೋ
ಅಕ್ಟೋಬರ್ 12, 1997

ರೋಸೆಂಡೋ,

ನಿನ್ನ ಕಾಗದ ಬಂದು ಮೂರು ವಾರದ ಮೇಲಾಯಿತು. ಉತ್ತರ ಬರೆದು ಬರೆದು ಒಲೆಗೆ ಹಾಕಿದೆ. ಇವತ್ತು ಎಲ್ಲ ಹೇಳಿಬಿಡುತ್ತೇನೆ. ನಗುವುದಾದರೆ ನಗು, ಬೈಯುವುದಾದರೆ ಬೈ.

ನನ್ನ ಕಾಲ್ಗುಣ ಸರಿಯಿಲ್ಲ ಕಣೋ.

ಬಾರಂಕಾ ಪರವಾಗಿ ನೀನು ಮೊಟ್ಟಮೊದಲು ಆಡಿದ್ದು ಹದಿನೇಳಕ್ಕೆ. ಹೊಸ ಶಾಲು ಹೊದ್ದು, ಕೇಕು ಹಿಡಿದು ಬಂದಿದ್ದೆ. ನೀನು ಪೆನಾಲ್ಟಿಯನ್ನು ಆಕಾಶಕ್ಕೆ ಒದ್ದೆ. ಮರುವಾರ ನಾಚಿಕೆಯಿಂದ ಮನೆಯಲ್ಲೇ ಉಳಿದು ಕೋಳಿಗೂಡು ತೊಳೆಯುತ್ತಿದ್ದೆ. ಬೇಲಿಯಾಚೆಯಿಂದ ಕೂಗಿದರು, "ಡೆಲ್ಮಿರಾ, ನಿನ್ನ ತಮ್ಮ ಎರಡು ಗೋಲು ಹೊಡ್ದ!" ಅದರ ಮುಂದಿನ ಭಾನುವಾರ ಬೇಕೆಂದೇ ತೊಳೆದೆ. ಮತ್ತೆ ಗೋಲು. ಇಂಥದ್ದನ್ನು ಕಣ್ಣಾರೆ ಕಂಡ ಮೇಲೆ ಯಾರು ತಾನೇ ಬಿಟ್ಟಾರು? ನಿಕಾನೋರ ಹರಿದ ಕಾಲುಚೀಲವನ್ನೇ ಹಾಕಿಕೊಂಡು ಇಡೀ ವರ್ಷ ಆಡಲಿಲ್ಲವೇ? ದೋನ್ ಅನ್ಸೆಲ್ಮೋ ಪಂದ್ಯದ ದಿನ ಗಡ್ಡ ಹೆರೆಯುವುದೇ ಇಲ್ಲ.

ರಾಜಧಾನಿಗೆ ನೀನು ಹೋದ ಮೇಲೆ ಮನಸ್ಸು ತಡೆಯದೆ ಒಮ್ಮೆ ಕದ್ದು ಬಂದೆ. ಅವತ್ತು ನಿನಗೆ ಕೆಂಪು ಕಾರ್ಡು. ಅಲ್ಲಿಗೆ ಖಚಿತವಾಯಿತು. ನಿನ್ನ ಟಿಕೆಟುಗಳಿಗೆ ಮುತ್ತಿಟ್ಟು, ಪೆಟ್ಟಿಗೆಯಲ್ಲಿಟ್ಟು, ಬಕೆಟು ಹಿಡಿದು ಗೂಡಿಗೆ ಹೋಗುತ್ತಿದ್ದೆ. ಈ ಪ್ರಾಂತ್ಯದಲ್ಲೇ ನಮ್ಮಷ್ಟು ಚೊಕ್ಕಟ ಕೋಳಿಗೂಡು ಇರಲಿಲ್ಲ. ಆಮೇಲೆ ನೀನು ಚಿಲಿ, ಬೊಲಿವಿಯಾ ಎಂದು ಅಲೆಯುವಾಗ ಆಟ ಎಷ್ಟು ಹೊತ್ತಿಗೆಂದು ರೇಡಿಯೋದಲ್ಲೂ ತಿಳಿಯುತ್ತಿರಲಿಲ್ಲ. ಆ ಭಾನುವಾರಗಳಲ್ಲಿ ಬೆಳಗಿನಿಂದ ಸಂಜೆಯವರೆಗೂ ತೊಳೆದಿದ್ದೇನೆ.

ಇನ್ನು ಆ ಫೈನಲ್. ನೀನು ನೋಡಿದ ಕುರ್ಚಿ ಖಾಲಿಯಿತ್ತು, ನಿಜ. ಆದರೆ ನಾನು ಅಲ್ಲೇ ಇದ್ದೆ. ನಿನ್ನ ಟಿಕೆಟಿನ ಜಾಗದಲ್ಲಿ ಕೂರದೆ, ಬೇರೆ ಟಿಕೆಟು ಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು, ಎದುರು ಗ್ಯಾಲರಿಯ ಮೇಲಿನ ಸಾಲಿನಲ್ಲಿ ಕೂತಿದ್ದೆ. ಹಾಗೆ ಕೂತರೆ ನನ್ನ ಕೆಟ್ಟ ಗಳಿಗೆಗೆ ನಾನು ಬಂದಿರುವುದು ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ. ನೀನು ಬಿದ್ದದ್ದನ್ನು ನೋಡಿದೆ. ಏಳಲಿಲ್ಲ ನೀನು. ಸ್ಟ್ರೆಚರು ತಂದರು. ಅಷ್ಟೇ, ನಾನು ಮೆಟ್ಟಿಲಿಳಿದು ಓಡಿ ಬಸ್ಸು ಹತ್ತಿದೆ. ಆಸ್ಪತ್ರೆಗೂ ನಾನು ಬಂದರೆ ಕಾಲನ್ನೇ ಕತ್ತರಿಸುತ್ತಾರೇನೋ ಎಂದು ಹೆದರಿದೆ. ನಿನ್ನ ಮೊಣಕಾಲು ಮುರಿದವಳು ನಾನು. ಹತ್ತು ವರ್ಷದಿಂದ ಇದೊಂದೇ ನನ್ನ ಎದೆಯ ಮೇಲೆ ಕೂತಿದೆ.

ನೀನು ಗೋಲು ಹೊಡೆದದ್ದನ್ನು ನಾನು ಒಂದು ಸಲವೂ ಕಣ್ಣಾರೆ ಕಂಡಿಲ್ಲ. ನಿನ್ನ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ. ರೈಲು ನಿಲ್ದಾಣದಲ್ಲಿ ಬಾಯಿ ತೆರೆದರೆ ಅಳು ಬರುತ್ತಿತ್ತು, ಅದಕ್ಕೇ ಸುಮ್ಮನಿದ್ದೆ.

ಈಗ ಹೇಳು, ಮೈದಾನಕ್ಕೆ ಹೇಗೆ ಬರಲಿ?

ನಿನ್ನ ಅಕ್ಕ

*

ಟ್ರೆಲೆವ್
ಅಕ್ಟೋಬರ್ 21, 1997

ಅಕ್ಕಾ,

ಗೋದಾಮಿನಲ್ಲಿ ನಿಂತೇ ಓದಿದೆ. ಮೊದಲು ನಿನ್ನನ್ನು ಜೋರಾಗಿ ಬೈದೆ, ಹಮಾಲರು ತಿರುಗಿ ನೋಡಿದರು. ಆಮೇಲೆ ನಗು ಬಂತು. ಆಮೇಲೆ ಉಣ್ಣೆ ಮೂಟೆಗಳ ಹಿಂದೆ ಹೋಗಿ ಕೂತು ಅತ್ತೆ.

ಹೋಗಲಿ, ನನಗೊಂದು ಲೆಕ್ಕ ಹೇಳು. ಇಪ್ಪತ್ತು ವರ್ಷ ನಾನು ಹೊಡೆದ ಗೋಲುಗಳೆಲ್ಲ ಯಾರವು? ಕೋಳಿಗಳದ್ದಾ? ಬೆಳಗಿನ ಚಳಿಯಲ್ಲಿ ಮೈದಾನ ಸುತ್ತಿದ್ದು, ಎಡಗಾಲು ಪಳಗಲೆಂದು ಗೋಡೆಗೆ ಒದ್ದು ಒದ್ದು ಉಗುರು ಕಿತ್ತುಕೊಂಡದ್ದು, ಎಲ್ಲ ದಂಡವಾ? ನಿನ್ನ ಬಕೆಟು ನೀರಿಗೆ ಅಷ್ಟು ಶಕ್ತಿಯಿದ್ದರೆ ದೇಶದ ತಂಡಕ್ಕೆ ನಿನ್ನನ್ನೇ ಕಳಿಸಬೇಕಿತ್ತು!

ಈಗ ನನ್ನದು ಕೇಳು. ಫೈನಲ್‌ಗೂ ಎಷ್ಟೋ ಮುಂಚೆ ಆ ಮೊಣಕಾಲು ಹಾಳಾಗಿತ್ತು. ರಾತ್ರಿ ಊದಿಕೊಳ್ಳುತ್ತಿತ್ತು. ಡಾಕ್ಟರು ನೇರವಾಗಿ ಹೇಳಿದ್ದರು: "ಇದರ ಮೇಲೆ ಆಡಿದ್ರೆ ಮುರಿಯುತ್ತೆ, ನಾನಂತೂ ಒಪ್ಪಲ್ಲ." ನಾನೇ ಹಠ ಹಿಡಿದು, ಬೇರೆಯವರ ಕೈಲಿ ನೋವು ಮರೆಸುವ ಸೂಜಿ ಚುಚ್ಚಿಸಿಕೊಂಡು ಇಳಿದೆ. ಸ್ಪೇನಿನವರು ಎದುರಿಗೇ ಕೂತಿದ್ದರಲ್ಲ. ನೀನು ಗ್ಯಾಲರಿಯಲ್ಲಿದ್ದರೂ, ಗೂಡಿನಲ್ಲಿದ್ದರೂ, ಚಂದ್ರನ ಮೇಲಿದ್ದರೂ ಅದು ಮುರಿಯುತ್ತಿತ್ತು. ನೀನು ಕೇಳಿದರೆ ಬೈಯುತ್ತೀಯ ಎಂದು ನಿನಗೆ ಮುಚ್ಚಿಟ್ಟೆ. ಮುಚ್ಚಿಟ್ಟಿದ್ದಕ್ಕೆ ನೀನು ಹತ್ತು ವರ್ಷ ಇದನ್ನು ಹೊತ್ತೆ. ತಪ್ಪಾಯಿತು ಅಕ್ಕಾ.

ನಿನ್ನೆ ನಿಕಾನೋರನಿಗೆ ಫೋನು ಮಾಡಿ ಕೋಳಿಗೂಡಿನ ಕಥೆಯನ್ನು ತಮಾಷೆಗೆಂದು ಹೇಳಿದೆ. ಆಸಾಮಿ ನಗಲೇ ಇಲ್ಲ. "ಹೌದಾ? ನಿಜವಾಗ್ಲೂ ಮೂರಕ್ಕೆ ಮೂರೂ ಹಾಗೇ ಆಯ್ತಾ?" ಎಂದು ಕೇಳಿ ಫೋನಿಟ್ಟ.

ನನ್ನ ಷರತ್ತು ಬದಲಾಗಿಲ್ಲ. ನೀನು ಬರಬೇಕು.

ರೋಸೆಂಡೋ

*

ಸಾನ್ ಸಿಪ್ರಿಯಾನೋ
ನವೆಂಬರ್ 2, 1997

ರೋಸೆಂಡೋ,

ನಿನ್ನ ಬಾಯಿಗೆ ಬೀಗ ಹಾಕಬೇಕು! ಬೇಕರಿಯವನಿಗೆ ಹೇಳುವುದೂ ಒಂದೇ, ಚರ್ಚಿನ ಗಂಟೆ ಬಾರಿಸುವುದೂ ಒಂದೇ. ಮರುದಿನ ಬ್ರೆಡ್ಡಿಗೆ ಹೋದರೆ ಸಾಲಿನಲ್ಲಿದ್ದವರು ದಾರಿ ಬಿಟ್ಟು ಸರಿದು ನಿಂತರು. ಒಬ್ಬ ಮುದುಕ ಬೀಗದಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ, ಕಬ್ಬಿಣ ಮುಟ್ಟಿದರೆ ದೋಷ ತಟ್ಟುವುದಿಲ್ಲವಂತೆ.

ಗುರುವಾರ ಸಂಜೆ ಕಮಿಟಿಯವರೇ ಮನೆಗೆ ಬಂದರು. ದೋನ್ ಅನ್ಸೆಲ್ಮೋ ಮುಂದೆ, ಕೈಯಲ್ಲಿ ಕೇಕಿನ ಡಬ್ಬ, ಹಿಂದೆ ನಿಕಾನೋರ. ಮಾಟೆ ಸೊಪ್ಪಿನ ಚಹಾಕ್ಕೆ ನೀರು ಕಾಯಿಸಿ ಕೊಟ್ಟೆ. ಎರಡು ಸುತ್ತು ಕುಡಿದರೂ ವಿಷಯ ಬಾಯಿಗೆ ಬರಲೊಲ್ಲದು. ಕೊನೆಗೆ ಅನ್ಸೆಲ್ಮೋ ಶುರು ಮಾಡಿದರು.

"ಡೆಲ್ಮಿರಾ, ತಪ್ಪು ತಿಳ್ಕೋಬೇಡ. ರೋಸೆಂಡೋನ ಪಂದ್ಯ ಆದ ಮರುವಾರವೇ ನಮಗೆ ಲೀಗಿನ ನಿರ್ಣಾಯಕ ಪಂದ್ಯ, ಅದೇ ಮೈದಾನದಲ್ಲಿ. ಅಲ್ಲಿಗೆ ಏನೂ... ತಟ್ಟಬಾರದು ನೋಡು. ನೀನು ಹದಿನಾರಕ್ಕೂ ಇಪ್ಪತ್ಮೂರಕ್ಕೂ ಮನೇಲೇ ಇದ್ದು..."

"ಇದ್ದು?"

ನಿಕಾನೋರ ನೆಲ ನೋಡುತ್ತಾ ಹೇಳಿದ: "ಗೂಡು ತೊಳೀತೀಯಾ ಅಕ್ಕ? ಬೇಕಾದ್ರೆ ಸೋಪಿನ ಪುಡಿ ಕ್ಲಬ್ಬಿಂದಾನೇ ಕೊಡ್ತೀವಿ."

ರೋಸೆಂಡೋ, ಇಪ್ಪತ್ತು ವರ್ಷ ನಾನೇ ನಂಬಿದ್ದ ಮಾತು ಅದು. ಆದರೆ ಎದುರಿಗೆ ಕೂತು, ನನ್ನ ಕೈಯ ಮಾಟೆ ಹೀರುತ್ತಾ, ಕಾಲೇಜು ಓದಿದ ಔಷಧಿ ಅಂಗಡಿಯವರೊಬ್ಬರು ಅದನ್ನೇ ಹೇಳಿದಾಗ ನನಗೆ ಮೈ ಉರಿದುಹೋಯಿತು. ನನ್ನ ಮುಖ ನನಗೇ ಕಂಡ ಹಾಗಾಯಿತು, ಎಷ್ಟು ಪೆದ್ದು ಮುಖ! ಈ ಗಂಡಸರು ನನ್ನನ್ನು ನನ್ನ ತಮ್ಮನ ದಿನದಿಂದಲೇ ದೂರ ಇಡಲು ಹೊರಟಿದ್ದಾರೆ. ಇಷ್ಟು ದಿನ ನಾನೂ ಮಾಡಿದ್ದು ಅದನ್ನೇ ತಾನೆ? ನಿನ್ನ ಮೊಣಕಾಲಿನ ಸಂಗತಿ ಓದಿದ ದಿನವೇ ಎದೆ ಹಗುರಾಗಿತ್ತು, ಆದರೂ ಕಾಲು ಮುಂದೆ ಬರುತ್ತಿರಲಿಲ್ಲ. ಅವರ ಆ ಸೋಪಿನ ಪುಡಿಯಿಂದ ಬಂತು ನೋಡು.

"ಮೊದಲ್ನೇ ಸಾಲಲ್ಲಿ ನಂಗೊಂದು ಕುರ್ಚಿ ಹಾಕ್ಸಿ, ದೋನ್ ಅನ್ಸೆಲ್ಮೋ. ಬೇಲಿಗೆ ಅಂಟ್ಕೊಂಡಿರ್ಬೇಕು. ಇಲ್ಲಾಂದ್ರೆ ಕೊಕ್ಕರೆ ಬರಲ್ಲ, ಅವನೇ ಬರ್ದಿದಾನೆ. ಕೇಕು ಬಿಟ್ಟು ಹೋಗಿ, ಚೆನ್ನಾಗಿದೆ" ಎಂದು ಬಾಗಿಲು ತೆರೆದೆ.

ಹೇಳಿಯೇನೋ ಬಿಟ್ಟೆ. ಈಗ ಮತ್ತೆ ಮತ್ತೆ ಬಕೆಟಿನ ಕಡೆಗೇ ಕಣ್ಣು ಹೋಗುತ್ತಿದೆ. ನೀನು ಬೇಗ ಬಾ.

ಅಕ್ಕ

*

ಟ್ರೆಲೆವ್
ನವೆಂಬರ್ 10, 1997

ಅಕ್ಕಾ, ಹದಿನಾಲ್ಕರ ಬೆಳಗಿನ ಬಸ್ಸಿಗೆ ಬರುತ್ತೇನೆ. ಹಸಿರು-ಬಿಳಿ ಪಟ್ಟಿ ಕಾಲಿಗಿದೆ. ಬೂಟಿಗೆ ಎಣ್ಣೆ ಹಚ್ಚಿದೆ. ಗೂಡು ತೊಳೆದೀಯ ಜೋಕೆ! ರೋಸೆಂಡೋ.

*

ಟ್ರೆಲೆವ್
ನವೆಂಬರ್ 25, 1997

ಅಕ್ಕಾ,

ಸುಖವಾಗಿ ತಲುಪಿದೆ. ನೀನು ಕಟ್ಟಿಕೊಟ್ಟ ಎಂಪನಾಡಾ ಅರ್ಧ ದಾರಿಗೇ ಮುಗಿಯಿತು, ಬಸ್ಸಿನ ಡ್ರೈವರೂ ಕೈ ಹಾಕಿದ. ಮೊಣಕಾಲು ಸ್ವಲ್ಪ ಊದಿದೆ, ನಾಲ್ಕು ದಿನಕ್ಕೆ ಇಳಿಯುತ್ತದೆ.

ಸೋಮವಾರ ಹಮಾಲರು ನನ್ನನ್ನು ಸುತ್ತುಗಟ್ಟಿದರು. "ಪತ್ರಿಕೆಯಲ್ಲಿ ಫೋಟೋ ಬಂದಿದೆ ಗುರುವೇ, ಪೆನಾಲ್ಟೀನ ಕಂಬಕ್ಕೆ ಹೊಡ್ದಿರಂತೆ?" ಎಂದು ಹಲ್ಲು ಕಿರಿದರು. "ಹೌದು, ಅದನ್ನೇ ನಿಮಗೂ ಕಲಿಸ್ತೀನಿ, ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ" ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ. ಹನ್ನೊಂದು ಜನ ಬಂದರು. ಎಂಟು ಜನಕ್ಕೆ ಬೂಟಿಲ್ಲ, ಒಬ್ಬನಿಗೂ ಎಡಗಾಲಿಲ್ಲ. ನನಗೆ ಬಹಳ ಖುಷಿಯಾಗಿದೆ.

ಅವತ್ತು ಮನೆ ತುಂಬ ಜನ, ಮರುದಿನ ಬೆಳಿಗ್ಗೆಯೇ ನನ್ನ ಬಸ್ಸು, ಮಾತಾಡಲು ಆಗಲಿಲ್ಲ. ನೀನು ಅಲ್ಲಿ ಕೂತು ಏನು ನೋಡಿದೆ, ಬರೆ. ನಿನ್ನ ಕಣ್ಣಿನಿಂದ ನನ್ನ ಆಟ ನನಗೆ ಗೊತ್ತೇ ಇಲ್ಲ.

ರೋಸೆಂಡೋ

*

ಸಾನ್ ಸಿಪ್ರಿಯಾನೋ
ಡಿಸೆಂಬರ್ 7, 1997

ನನ್ನ ಕೊಕ್ಕರೆ,

ನಾನು ನೋಡಿದ್ದು ಬರೆಯುತ್ತೇನೆ.

ನನ್ನ ಎಡಬಲದ ಕುರ್ಚಿಗಳೆರಡೂ ಖಾಲಿ. ಟಿಕೆಟು ಕೊಂಡವರು ಹಿಂದೆ ಹೋಗಿ ನಿಂತಿದ್ದರು. ನೀನು ಹೊರಗೆ ಬಂದೆ, ಕೂದಲು ಉದುರಿದ ತಲೆ ಬಿಸಿಲಿಗೆ ಹೊಳೆಯುತ್ತಿತ್ತು. ಎಲ್ಲರಿಗಿಂತ ಮೊದಲು ನೀನು ನೋಡಿದ್ದು ನನ್ನ ಕುರ್ಚಿಯ ಕಡೆಗೆ. ಅಲ್ಲಿ ನಾನಿದ್ದೆ. ನಿನ್ನ ಮುಖ ಆಗ ಹೇಗಾಯಿತೆಂದರೆ, ನಾನು ಕಳಕೊಂಡ ಭಾನುವಾರಗಳಿಗೆಲ್ಲ ಅಲ್ಲೇ ಅತ್ತುಬಿಟ್ಟೆ.

ನೀನು ಓಡುವುದು ಚೆಂದ ಕಣೋ. ಈಗಲೂ ಚೆಂದ. ಚೆಂಡು ಬರುವ ಮುಂಚೆಯೇ ಅದು ಬರುವ ಜಾಗಕ್ಕೆ ಹೋಗಿ, ಏನೂ ಗೊತ್ತಿಲ್ಲದವನ ಹಾಗೆ ನಿಲ್ಲುತ್ತೀಯಲ್ಲ, ಇದನ್ನು ರೇಡಿಯೋದವರು ಯಾವತ್ತೂ ಹೇಳಿರಲಿಲ್ಲ.

ಆಮೇಲೆ ಪೆನಾಲ್ಟಿ ಪೆಟ್ಟಿಗೆಯಲ್ಲಿ ಯಾರದೋ ಕಾಲು ತಾಗಿ ನೀನು ಬಿದ್ದೆ. ಮೊಣಕಾಲು ಹಿಡಿದುಕೊಂಡೆ. ಇಡೀ ಊರು ನಿನ್ನನ್ನು ಬಿಟ್ಟು ತಿರುಗಿ ನನ್ನನ್ನು ನೋಡಿತು. ದೋನ್ ಅನ್ಸೆಲ್ಮೋ ಎರಡೂ ಕೈಯಲ್ಲಿ ಬೇಲಿಯ ಕಬ್ಬಿಣ ಹಿಡಿದುಕೊಂಡಿದ್ದರು. ನನ್ನ ಕಾಲುಗಳಿಗೆ ಮೆಟ್ಟಿಲ ದಾರಿ ಗೊತ್ತಿತ್ತು, ಆ ಕಡೆಗೇ ಎಳೆದವು. ಎದ್ದೆ. ಎದ್ದು ಈ ಕಡೆಗೆ, ಬೇಲಿಗೆ ಬಂದೆ. ಇಪ್ಪತ್ತು ವರ್ಷ ಕೂಗದ ಗಂಟಲು ಅದು. "ಏಳೋ ಕೊಕ್ಕರೆ! ಏಳೋ ಮೇಲೆ! ಎಂಪನಾಡಾ ಆರಿಹೋಗುತ್ತೆ!" ಎಂದು ಕೂಗಿದೆ.

ನೀನು ಎದ್ದೆ.

ಪೆನಾಲ್ಟಿ ಸಿಕ್ಕಿತು. ಎದುರು ಗೋಲಿನಲ್ಲಿದ್ದ ನಿಕಾನೋರ ಮೊದಲೇ ನಿನಗೆ ಮಾತು ಕೊಟ್ಟಂತೆ ತನ್ನ ಹೊಟ್ಟೆ ಹೊತ್ತುಕೊಂಡು ತಪ್ಪು ದಿಕ್ಕಿಗೇ ಬಿದ್ದ. ಅಷ್ಟಾದರೂ ನೀನು ಕಂಬಕ್ಕೆ ಹೊಡೆದೆ! ನನಗೆ ನಗು ತಡೆಯಲಾಗಲಿಲ್ಲ, ನೀನೂ ನಕ್ಕೆ, ಆಮೇಲೆ ಊರೇ ನಕ್ಕಿತು. ಆಟ ಮುಗಿದ ಮೇಲೆ ಬೂಟು ಹೆಗಲಿಗೆ ಹಾಕಿಕೊಂಡು, ನನ್ನ ತೋಳು ಹಿಡಿದು, ನದಿಯ ದಾರಿಯಲ್ಲಿ ನಿನ್ನ ಕಾಲ ಮೇಲೆ ನೀನೇ ನಡೆದು ಮನೆಗೆ ಬಂದೆ. ನಿನ್ನ ಗೋಲು ನಾನು ಇವತ್ತಿಗೂ ನೋಡಿಲ್ಲ. ನೀನು ಬಿದ್ದು ಎದ್ದು ಮನೆಗೆ ಬಂದದ್ದನ್ನು ನೋಡಿದೆ. ಹತ್ತು ವರ್ಷದಿಂದ ನಾನು ಕಾಯುತ್ತಿದ್ದುದು ಅದಕ್ಕೇ.

ಇನ್ನೊಂದು ತಮಾಷೆ. ಇಪ್ಪತ್ಮೂರರ ಪಂದ್ಯಕ್ಕೂ ಹೋದೆ, ಯಾರೇನು ಮಾಡಿಯಾರು ಎಂದು. ಬಾರಂಕಾ ಎರಡು-ಸೊನ್ನೆಯಲ್ಲಿ ಗೆದ್ದಿತು. ಈಗ ದೋನ್ ಅನ್ಸೆಲ್ಮೋ ದಿನಾ ಬಾಗಿಲಿಗೆ ಬರುತ್ತಾರೆ: "ಅದೇ ಕುರ್ಚಿ, ಅದೇ ಶಾಲು, ಪಕ್ಕದ ಎರಡು ಕುರ್ಚಿ ಖಾಲಿ, ಹಾಗೇ ಕೂತ್ಕೋಬೇಕು ಡೆಲ್ಮಿರಾ, ಪ್ರತಿ ಭಾನುವಾರ!" ಆಗೋದಿಲ್ಲ ಎಂದೆ. ಜನವರಿಗೆ ಟ್ರೆಲೆವ್ ಬಸ್ಸಿಗೆ ಟಿಕೆಟು ತೆಗೆಸಿದ್ದೇನೆ. ನಿನ್ನ ಹಮಾಲರ ಮೊದಲ ಪಂದ್ಯಕ್ಕೆ ಮುಂದಿನ ಸಾಲಿನಲ್ಲಿ ಜಾಗ ಇಡು. ಸೋತರೆ ನನ್ನನ್ನು ಬೈಯಕೂಡದು, ಎಡಗಾಲು ಕಲಿಸು.

ಇವತ್ತೂ ಭಾನುವಾರ. ಗೂಡು ಒಂದು ತಿಂಗಳಿಂದ ತೊಳೆದಿಲ್ಲ, ವಾಸನೆ ಬೀದಿಯವರೆಗೂ ಹೊಡೆಯುತ್ತಿದೆ. ಕೋಳಿಗಳು ಮಾತ್ರ ದಿನವೂ ಮೊಟ್ಟೆ ಇಡುತ್ತಿವೆ.

ನಿನ್ನ ಅಕ್ಕ
ಡೆಲ್ಮಿರಾ